ಜೋಡಿ ಅಗಲಿದ ಹಕ್ಕಿ

ಬೆಳಗ್ಗೆ ಪಂಜರದ ಮೇಲಿನ ಬಟ್ಟೆಯನ್ನು ಸರಿಸಿದಾಗ ಅಡ್ಡಕಡ್ಡಿಯ ಮೇಲೆ ಎರಡರ ಬದಲು ಒಂದೇ ಹಕ್ಕಿ ಕುಳಿತಿರುತ್ತದೆ. ಇನ್ನೊಂದು ಕೆಳಗೆ, ತಟ್ಟೆಯಲ್ಲಿ ಹಾಸಿದ ಹಳೆಯ ವೃತ್ತಪತ್ರಿಕೆಯ ಮೇಲೆ, ಕಾಲು ಮುದುಡಿಕೊಂಡು ಬಿದ್ದಿರುತ್ತದೆ. ಹಕ್ಕಿ ಸಾಕಿದ ಮನೆಗಳಲ್ಲಿ ಇಂಥದೊಂದು ಬೆಳಗು ಎಂದಾದರೊಮ್ಮೆ ಬಂದೇ ಬರುತ್ತದೆ. ಹಿಂದಿನ ಸಂಜೆಯವರೆಗೆ ಎರಡೂ ಒಂದರ ತಲೆಯನ್ನೊಂದು ಕೊಕ್ಕಿನಿಂದ ಸವರುತ್ತ, ಗುಟುಕು ಕೊಡುತ್ತ, ಟೆಲಿವಿಷನ್ನಿನ ಸದ್ದನ್ನೂ ಮೀರಿಸಿ ಹರಟುತ್ತಿದ್ದುವು. ಈಗ ಮಕ್ಕಳು ಶಾಲೆಗೆ ಹೊರಡುವ ಹೊತ್ತು. ಅವರ ಕಣ್ಣಿಗೆ ಬೀಳುವ ಮೊದಲೇ ಸತ್ತ ಹಕ್ಕಿಯನ್ನು ಕಾಗದದಲ್ಲಿ ಸುತ್ತಿ ಮರೆಮಾಡುವ ಅವಸರ ತಾಯಿಗೆ. ಆದರೆ ಮಗು ಬಿಟ್ಟೀತೆ? "ಅಜ್ಜೀ, ಇನ್ನೊಂದೆಲ್ಲಿ?" ಎಂದು ಕೇಳುತ್ತದೆ. ಅಜ್ಜಿ ಬಾಯಿ ತೆರೆಯುವುದರೊಳಗೆ ತಂದೆ, "ಅಳಬೇಡ ಮರಿ, ಸಾಯಂಕಾಲ ಬರುವಾಗ ಬೇರೊಂದನ್ನು ತರುತ್ತೇನೆ" ಎಂದುಬಿಡುತ್ತಾನೆ.

ಮಾತು ಸಹಜವಾದುದೇ. ಆದರೆ ಉಳಿದ ಹಕ್ಕಿಯ ಪಾಲಿಗೆ ಆ ಬೆಳಗ್ಗೆ ಆಡಬಹುದಾದ ಮಾತುಗಳಲ್ಲಿ ಇದರಷ್ಟು ಅಪಾಯಕರವಾದುದು ಮತ್ತೊಂದಿಲ್ಲ.

ಅದೇಕೆಂದು ವಿಚಾರಿಸುವ ಮೊದಲು ಆ ಹಕ್ಕಿಯ ಪರಿಚಯವಾಗಬೇಕು. ನಮ್ಮ ಪೇಟೆಗಳಲ್ಲಿ 'ಲವ್ ಬರ್ಡ್ಸ್' ಎಂದು ಜೋಡಿ ಲೆಕ್ಕದಲ್ಲಿ ಮಾರುವ ಹಸಿರು, ನೀಲಿ, ಹಳದಿ ಬಣ್ಣದ ಪುಟ್ಟ ಗಿಳಿಗಳು ನಿಜವಾಗಿ ಆ ಹೆಸರಿನವಲ್ಲ. ಅವು ಆಸ್ಟ್ರೇಲಿಯದ ಒಣನಾಡಿನ ಬಡ್ಜರಿಗರ್ ಹಕ್ಕಿಗಳು. 1840ರಲ್ಲಿ ಪಕ್ಷಿಶಾಸ್ತ್ರಜ್ಞ ಜಾನ್ ಗೌಲ್ಡ್ ಅವುಗಳನ್ನು ಜೀವಂತವಾಗಿ ಇಂಗ್ಲೆಂಡಿಗೆ ಕೊಂಡೊಯ್ದ ತರುವಾಯ ಪಂಜರದಲ್ಲೇ ಹುಟ್ಟಿ ಪಂಜರದಲ್ಲೇ ಬೆಳೆಯುತ್ತ ಜಗತ್ತಿನ ಮನೆಮನೆಗಳನ್ನೂ ಹೊಕ್ಕುವು. ನಿಜವಾದ ಲವ್ ಬರ್ಡ್ ಆಫ್ರಿಕಾ ಮತ್ತು ಮಡಗಾಸ್ಕರಗಳ ಹಕ್ಕಿ. ಅದರಲ್ಲಿ ಒಂಬತ್ತು ಜಾತಿಗಳುಂಟು. ಮೈ ಕೊಂಚ ದಪ್ಪ, ಬಾಲ ಮೊಟಕು, ಕೊಕ್ಕು ಬಲವಾದುದು. ಹೆಸರು ಅದಲುಬದಲಾದರೂ ಗುಣದಲ್ಲಿ ಎರಡಕ್ಕೂ ಒಂದು ಸಾಮ್ಯವಿದೆ. ಎರಡೂ ಹಿಂಡಿನಲ್ಲಿ ಬದುಕುವ ಜಾತಿಗಳು, ಎರಡೂ ಜೋಡಿ ಕಟ್ಟುವ ಜಾತಿಗಳು. ಆಸ್ಟ್ರೇಲಿಯದ ಬಯಲಿನಲ್ಲಿ ಬಡ್ಜರಿಗರ್ ಒಂಟಿಯಾಗಿರುವ ಗಳಿಗೆ ಎಂದರೆ ಬಹುಶಃ ಗಿಡುಗನ ಬಾಯಿಗೆ ಬೀಳುವ ಗಳಿಗೆಯೇ. ಪಂಜರದಲ್ಲಿ ಎರಡೇ ಹಕ್ಕಿಗಳಿದ್ದಾಗ ಆ ಇನ್ನೊಂದು ಹಕ್ಕಿ ಜೊತೆಗಾತಿಯೂ ಹೌದು, ಇಡೀ ಹಿಂಡೂ ಹೌದು.

ಅಂತಲೇ ಮೊದಲ ದಿನ ಅದು ಕೂಗುತ್ತದೆ. ಎಂದಿನ ಹರಟೆಯಲ್ಲ, ಒಂದೇ ಚಿಕ್ಕ ಸ್ವರ. ಕೂಗಿ, ತಡೆದು, ಕತ್ತು ಓರೆ ಮಾಡಿ ಕಿವಿಗೊಟ್ಟು, ಮತ್ತೆ ಅದೇ ಸ್ವರ. ಈ ಸ್ವರದ ವಿಷಯ ಸ್ವಾರಸ್ಯವಾದುದು. ಬಡ್ಜರಿಗರ್ ಹಕ್ಕಿಗಳು ಒಂದನ್ನೊಂದು ಗುರುತು ಹಿಡಿಯಲು, 'ಎಲ್ಲಿದ್ದೀ?' ಎಂದು ವಿಚಾರಿಸಲು ಬಳಸುವ ಕೂಗು ಪ್ರತಿಯೊಂದಕ್ಕೂ ಬೇರೆ ಬೇರೆ. ಜೋಡಿ ಕಟ್ಟಿದಾಗ ಗಂಡು ಹಕ್ಕಿ ಕೆಲವೇ ವಾರಗಳಲ್ಲಿ ತನ್ನ ಕೂಗನ್ನು ಬಿಟ್ಟು ಹೆಣ್ಣಿನ ಕೂಗನ್ನು ಅನುಕರಿಸಿ ಕಲಿಯುತ್ತದೆಂದು 2000ನೆಯ ಇಸವಿಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೋರಿಸಿದ್ದಾರೆ. ಹಾಗಾದರೆ ಹೆಣ್ಣು ಸತ್ತ ಮಾರನೆಯ ದಿನ ಪಂಜರದಿಂದ ಕೇಳಿಬರುವುದು ಯಾರ ಧ್ವನಿ? ಬದುಕಿರುವ ಗಂಡಿನ ಕೊರಳಿನಿಂದ ಹೊರಟರೂ ಅದು ಸತ್ತದ್ದರಿಂದ ಕಲಿತ ಕೂಗು.

ಹಕ್ಕಿಗೆ ದುಃಖವುಂಟೆ ಎಂಬ ಪ್ರಶ್ನೆ ಹಳೆಯದು. ಕ್ರೌಂಚಗಳ ಜೋಡಿಯಲ್ಲಿ ಒಂದು ಬೇಡನ ಬಾಣಕ್ಕೆ ಉರುಳಿದಾಗ ಇನ್ನೊಂದರ ಗೋಳನ್ನು ಕಂಡು ವಾಲ್ಮೀಕಿಗಳ ಬಾಯಲ್ಲಿ ಶ್ಲೋಕ ಹುಟ್ಟಿತೆಂದು ರಾಮಾಯಣವೇ ಹೇಳುತ್ತದೆ. ರಾತ್ರಿ ಅಗಲಿ ಕೊರಗುವ ಜಕ್ಕವಕ್ಕಿಯನ್ನು ಕರೆತರದೆ ನಮ್ಮ ಹಳೆಯ ಕವಿಗಳ ವಿರಹವರ್ಣನೆ ಪೂರ್ಣವಾಗುತ್ತಿರಲಿಲ್ಲ. ಕವಿಗಳ ಮಾತು ಅತಿಶಯವೆನ್ನುವವರು ವಿಜ್ಞಾನಿಗಳ ಮಾತನ್ನಾದರೂ ಕೇಳಬಹುದು. 1973ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕೊನ್ರಾಡ್ ಲೊರೆಂಟ್ಸ್ ಜೀವಮಾನವೆಲ್ಲ ಹೆಬ್ಬಾತುಗಳೊಡನೆ ಕಳೆದವರು. ಜೊತೆ ಕಳೆದುಕೊಂಡ ಬಾತು ಮೈ ಸಡಿಲಬಿಟ್ಟು, ಕಣ್ಣು ಗುಳಿಬಿದ್ದು ಕೂರುವುದನ್ನು ಅವರು ವರ್ಣಿಸಿದ್ದಾರೆ. ಜೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಯ ಜೋಡಿಗಳನ್ನು ಬೇರ್ಪಡಿಸಿ ರಕ್ತಪರೀಕ್ಷೆ ಮಾಡಿದಾಗ, ಆತಂಕದ ವೇಳೆ ಏರುವ ಹಾರ್ಮೋನು ಅಗಲಿಕೆಯಲ್ಲಿ ಏರಿ, ಮರಳಿ ಕೂಡಿಸಿದಾಗ ಇಳಿಯಿತೆಂಬುದು 2003ರಲ್ಲಿ ಪ್ರಕಟವಾದ ಸಂಗತಿ. ಇದಕ್ಕೆ ದುಃಖವೆಂಬ ಮನುಷ್ಯರ ಹೆಸರನ್ನು ಕೊಡಬಹುದೆ ಎಂಬ ವಾದವನ್ನು ಪಂಡಿತರಿಗೆ ಬಿಡೋಣ. ಮನೆಯವರಿಗೆ ಬೇಕಾದುದು ಇಷ್ಟು: ಆ ಹಕ್ಕಿಯ ಮೈಯಲ್ಲಿ ಏನೋ ಕದಡಿದೆ, ಅದು ಕೆಲವು ದಿನ ಕಡಿಮೆ ತಿನ್ನುತ್ತದೆ, ಕಡಿಮೆ ಹಾರುತ್ತದೆ, ಹುಡುಕುತ್ತದೆ, ಕೊನೆಗೆ ಸುಮ್ಮನಾಗುತ್ತದೆ.

ಇಲ್ಲೇ ತಪ್ಪಾಗುವುದು. ಸುಮ್ಮನೆ ಕುಳಿತ ಹಕ್ಕಿಯನ್ನು ನೋಡಿ ಮನೆಯವರು, "ಪಾಪ, ಜೋಡಿಯನ್ನು ನೆನೆದು ಕೊರಗುತ್ತಿದೆ" ಎನ್ನುತ್ತಾರೆ. ಎರಡು ದಿನಗಳ ಮೇಲೆ ಅದೂ ಸತ್ತಾಗ, "ಅಗಲಿಕೆ ತಾಳದೆ ಪ್ರಾಣ ಬಿಟ್ಟಿತು" ಎಂದು ಕಣ್ಣೊರಸಿಕೊಳ್ಳುತ್ತಾರೆ. ಕಥೆಗೆ ಒಪ್ಪುವ ಮಾತು. ಆದರೆ ಹೆಚ್ಚಿನ ಪ್ರಸಂಗಗಳಲ್ಲಿ ನಿಜ ಬೇರೆಯೇ ಇರಬಹುದು: ಮೊದಲನೆಯದನ್ನು ಕೊಂದುದೇ ಎರಡನೆಯದನ್ನೂ ಕೊಂದಿರಬಹುದು. ಆದುದರಿಂದ ಆ ಬೆಳಗ್ಗೆ ಮನೆಯಲ್ಲಿ ಏಳಬೇಕಾದ ಮೊದಲ ಪ್ರಶ್ನೆ, ಹೊಸ ಹಕ್ಕಿಯನ್ನು ಎಲ್ಲಿಂದ ತರುವುದು ಎಂಬುದಲ್ಲ. ಹಳೆಯದು ಏಕೆ ಸತ್ತಿತು ಎಂಬುದು.

ಕಾರಣಗಳು ಹಲವು. ವಯಸ್ಸಾಗಿರಬಹುದು. ಪಂಜರದ ಬಡ್ಜರಿಗರ್ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬಾಳುತ್ತದೆ. ಲವ್ ಬರ್ಡ್ ಹತ್ತರಿಂದ ಹದಿನೈದು. ಜುಟ್ಟಿನ ಕಾಕಟೀಲ್ ಹದಿನೈದರಿಂದ ಇಪ್ಪತ್ತು. ಸತ್ತದ್ದು ಹೆಣ್ಣಾದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಸತ್ತಿರಬಹುದು. ಮೈಯಲ್ಲಿ ಸುಣ್ಣದ ಅಂಶ ಸಾಲದೆ ಹೋದಾಗ ಹೀಗಾಗುವುದುಂಟು. ಪಂಜರದ ಸರಿಗೆಗೆ ಸಮುದ್ರನೊರೆಯ ತುಂಡೊಂದನ್ನು ಸಿಕ್ಕಿಸಿಡುವುದು ಈ ಕಾರಣಕ್ಕೇ. ಇವೆರಡರಿಂದಲೂ ಉಳಿದ ಹಕ್ಕಿಗೆ ಭಯವಿಲ್ಲ.

ಭಯವಿರುವುದು ಗಾಳಿಯಿಂದ ಮತ್ತು ಸೋಂಕಿನಿಂದ. ಹಕ್ಕಿಯ ಉಸಿರಾಟದ ಏರ್ಪಾಡು ನಮ್ಮದಕ್ಕಿಂತ ಚುರುಕಾದುದು. ಒಳಗೆಳೆದ ಗಾಳಿ ಶ್ವಾಸಕೋಶವಲ್ಲದೆ ಮೈಯೊಳಗಿನ ಗಾಳಿಚೀಲಗಳಲ್ಲೂ ಸಂಚರಿಸುತ್ತದೆ. ವಿಷವಾಯುವನ್ನು ಮನುಷ್ಯನಿಗಿಂತ ಮೊದಲೇ ಅರಿಯುತ್ತದೆಂದು ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ 1980ರ ದಶಕದವರೆಗೂ ಕೆನೇರಿ ಹಕ್ಕಿಗಳನ್ನು ಜೊತೆಗೊಯ್ಯುತ್ತಿದ್ದರು. ನಮ್ಮ ಮನೆಗಳಲ್ಲಿ ಗಣಿಯಿಲ್ಲ, ಅಡಿಗೆಮನೆಯಿದೆ. ಅಂಟದಂತೆ ಲೇಪ ಹಾಕಿದ ನಾನ್‌ಸ್ಟಿಕ್ ದೋಸೆ ಕಾವಲಿಯನ್ನು ಬರಿದಾಗಿ ಒಲೆಯ ಮೇಲಿಟ್ಟು ಮರೆತು, ಅದು ವಿಪರೀತ ಕಾದರೆ ಹೊರಡುವ ಹಬೆ ಮನುಷ್ಯರ ಮೂಗಿಗೆ ಹತ್ತದಿದ್ದರೂ ಪಕ್ಕದ ಪಂಜರದ ಹಕ್ಕಿಯನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲದು. ಸೊಳ್ಳೆಬತ್ತಿ, ಜಿರಲೆಗೆ ಹೊಡೆಯುವ ಔಷಧ, ಹೊಸ ಬಣ್ಣ, ಪಂಜರದ ಪಕ್ಕದಲ್ಲೇ ದಿನವೂ ಹಚ್ಚುವ ಊದುಬತ್ತಿ ಇವೂ ಒಳ್ಳೆಯವಲ್ಲ. ಹಿಂದಿನ ಸಂಜೆ ಮನೆಯಲ್ಲಿ ಏನು ಸುಟ್ಟಿತು, ಏನನ್ನು ಸಿಂಪಡಿಸಿದ್ದಾಯಿತು ಎಂದು ನೆನಪು ಮಾಡಿಕೊಂಡು, ಸಂದೇಹವಿದ್ದರೆ ಪಂಜರವನ್ನು ಕೂಡಲೆ ಶುದ್ಧ ಗಾಳಿಯಿರುವ ಕೋಣೆಗೆ ಸಾಗಿಸಬೇಕು.

ಇನ್ನು ಸೋಂಕು. ಹಕ್ಕಿ ತನ್ನ ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ಕಾಡಿನಲ್ಲಿ ನಿತ್ರಾಣ ತೋರಿಸಿಕೊಂಡದ್ದು ಉಳಿಯುವುದಿಲ್ಲವಾದ್ದರಿಂದ ನಿಲ್ಲಲಾಗದ ಸ್ಥಿತಿ ಬರುವವರೆಗೂ ಅದು ನೆಟ್ಟಗೆ ಕುಳಿತೇ ಇರುತ್ತದೆ. "ನಿನ್ನೆ ಚೆನ್ನಾಗಿಯೇ ಇತ್ತಲ್ಲ!" ಎಂದು ಎಲ್ಲ ಮನೆಗಳಲ್ಲೂ ಹೇಳುವುದು ಇದಕ್ಕೇ. ಗಿಳಿಜಾತಿಯ ಹಕ್ಕಿಗಳಿಗೆ ಬರುವ ಸಿಟಕೋಸಿಸ್ ಎಂಬ ರೋಗವಂತೂ ಒಣಗಿದ ಹಿಕ್ಕೆಯ ಧೂಳಿನ ಮೂಲಕ ಮನುಷ್ಯರಿಗೂ ಹರಡುತ್ತದೆ. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಸಾಗಿಸಿದ ಗಿಳಿಗಳೊಡನೆ ಯೂರೋಪು, ಅಮೆರಿಕಗಳನ್ನು ಹೊಕ್ಕು ಅನೇಕರನ್ನು ಬಲಿ ತೆಗೆದುಕೊಂಡಿತು. ಈಗ ಅದಕ್ಕೆ ತಕ್ಕ ಔಷಧವುಂಟು, ಗಾಬರಿ ಬೇಡ. ಆದರೆ ಹಕ್ಕಿ ಸತ್ತ ಮನೆಯಲ್ಲಿ ಮುಂದಿನ ವಾರಗಳಲ್ಲಿ ಯಾರಿಗಾದರೂ ಜ್ವರ, ಒಣಕೆಮ್ಮು ಬಂದರೆ, ಅದರಲ್ಲೂ ವಯಸ್ಸಾದವರಿಗೆ ಬಂದರೆ, ವೈದ್ಯರಿಗೆ ಹಕ್ಕಿಯ ಸಂಗತಿಯನ್ನು ತಪ್ಪದೆ ತಿಳಿಸಬೇಕು. ವೈದ್ಯರು ತಾವಾಗಿ ಕೇಳುವ ಪ್ರಶ್ನೆಯಲ್ಲ ಅದು.

ಹೀಗಿರುವಾಗ ಸತ್ತ ಹಕ್ಕಿಯನ್ನು ಅವಸರದಲ್ಲಿ ಕಸದ ಬುಟ್ಟಿಗೆ ಹಾಕಬಾರದು. ಸಂಪಿಗೆ ಗಿಡದ ಬುಡದಲ್ಲಿ ಹೂಳುವ ಮಕ್ಕಳ ಆಸೆಯನ್ನೂ ಒಂದು ದಿನ ತಡೆಯಬೇಕಾದೀತು. ಕೈಗೆ ಚೀಲ ಸುತ್ತಿಕೊಂಡು ಅದನ್ನೆತ್ತಿ, ಪ್ಲಾಸ್ಟಿಕ್ ಚೀಲವೊಂದರಲ್ಲಿ ಭದ್ರವಾಗಿ ಕಟ್ಟಿ ತಣ್ಣಗಿಡಬೇಕು, ಹೆಪ್ಪುಗಟ್ಟಿಸಕೂಡದು. ಹೆಪ್ಪುಗಟ್ಟಿದ ದೇಹದಿಂದ ಪರೀಕ್ಷಕನಿಗೆ ಹೆಚ್ಚೇನೂ ತಿಳಿಯದು. ಹಕ್ಕಿಗಳನ್ನು ನೋಡುವ ಪಶುವೈದ್ಯರಿಗೆ ಆ ದಿನವೇ ಫೋನು ಮಾಡಿ ಮರಣೋತ್ತರ ಪರೀಕ್ಷೆ ಸಾಧ್ಯವೆ ಎಂದು ಕೇಳಬೇಕು. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರಗಳಲ್ಲಿ ಪಶುವೈದ್ಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಬಹುದು. ನೂರಾರು ರೂಪಾಯಿಯ ಹಕ್ಕಿಗೆ ಇಷ್ಟೊಂದು ಓಡಾಟವೆ ಎಂದು ಮನೆಯ ಹಿರಿಯರೊಬ್ಬರು ಕೇಳಿಯೇ ಕೇಳುತ್ತಾರೆ. ಓಡಾಟ ಸತ್ತ ಹಕ್ಕಿಗಾಗಿ ಅಲ್ಲ, ಬದುಕಿರುವುದಕ್ಕಾಗಿ. ಬದುಕಿರುವುದನ್ನೂ ಜೊತೆಯಲ್ಲೇ ಒಯ್ದು ತೋರಿಸಿದರೆ ಇನ್ನೂ ಒಳ್ಳೆಯದು.

ವೈದ್ಯರ ಬಳಿ ಹೋಗುವುದು ತಡವಾದರೆ ಮನೆಯಲ್ಲೇ ಕೊರಗನ್ನೂ ಕಾಯಿಲೆಯನ್ನೂ ಬೇರ್ಪಡಿಸಿ ನೋಡುವ ಬಗೆ ಹೇಗೆ? ಕೊರಗುವ ಹಕ್ಕಿ ಮೌನವಾಗಿದ್ದರೂ ಕಣ್ಣು ಚುರುಕಾಗಿರುತ್ತದೆ, ಸದ್ದಿಗೆ ತಿರುಗುತ್ತದೆ, ಸ್ವಲ್ಪವಾದರೂ ತಿನ್ನುತ್ತದೆ. ಕಾಯಿಲೆಯ ಹಕ್ಕಿ ಗರಿ ಉಬ್ಬಿಸಿಕೊಂಡು ಚೆಂಡಿನಂತಾಗಿ ಹಗಲಿನಲ್ಲೂ ತೂಕಡಿಸುತ್ತದೆ, ಉಸಿರೆಳೆಯುವಾಗ ಬಾಲ ಮೇಲಕ್ಕೂ ಕೆಳಕ್ಕೂ ಆಡುತ್ತದೆ, ಅಡ್ಡಕಡ್ಡಿಯನ್ನು ಬಿಟ್ಟು ಕೆಳಗಿಳಿದು ಮೂಲೆ ಸೇರುತ್ತದೆ. ಈ ಲಕ್ಷಣಗಳು ಕಂಡರೆ ಮರುದಿನದವರೆಗೆ ಕಾಯಲಾಗದು.

ತಿನ್ನುತ್ತಿದೆಯೆ ಇಲ್ಲವೆ ಎಂಬುದರಲ್ಲಿ ಮೋಸಹೋಗುವವರು ಬಹಳ. ಬಟ್ಟಲು ತುಂಬಿದಂತೆ ಕಾಣುತ್ತದೆ. ಆದರೆ ಈ ಹಕ್ಕಿ ನವಣೆಯ ಕಾಳನ್ನು ಸುಲಿದು ತಿಂದು ಸಿಪ್ಪೆಯನ್ನು ಅಲ್ಲೇ ಬಿಡುತ್ತದೆ. ಬಟ್ಟಲನ್ನು ಹೊರತೆಗೆದು ಮೆಲ್ಲಗೆ ಊದಿದರೆ ಮೇಲಿನ ಹೊಟ್ಟೆಲ್ಲ ಹಾರಿ, ಕೆಳಗೆ ಕಾಳಿದೆಯೆ ಬರಿದೆ ತಳವಿದೆಯೆ ಎಂಬುದು ತಿಳಿಯುತ್ತದೆ. ಬಟ್ಟಲಿಗಿಂತ ಹಿಕ್ಕೆಯೇ ನಂಬಲು ಯೋಗ್ಯ. ದಿನವೂ ಬೆಳಗ್ಗೆ ಹೊಸ ಕಾಗದ ಹಾಸಿ ಸಂಜೆ ಎಣಿಸಬೇಕು. ಆರೋಗ್ಯವಾಗಿ ತಿನ್ನುವ ಹಕ್ಕಿಯ ಹಿಕ್ಕೆ ಹಲವು ಹತ್ತಾಗಿರುತ್ತದೆ. ಎಲ್ಲಕ್ಕಿಂತ ನೆಚ್ಚಿನದು ತಕ್ಕಡಿ. ಗ್ರಾಂ ತೋರಿಸುವ ಅಡಿಗೆಮನೆಯ ವಿದ್ಯುತ್ ತಕ್ಕಡಿಯ ಮೇಲೆ ಸಣ್ಣ ರಟ್ಟಿನ ಪೆಟ್ಟಿಗೆಯಿಟ್ಟು ಅದರಲ್ಲಿ ಹಕ್ಕಿಯನ್ನು ದಿನವೂ ಒಂದೇ ಹೊತ್ತಿನಲ್ಲಿ ತೂಗಬಹುದು. ಬಡ್ಜರಿಗರಿನ ತೂಕ ಸಾಮಾನ್ಯವಾಗಿ 30ರಿಂದ 40 ಗ್ರಾಂ. ಅದರಲ್ಲಿ ಹತ್ತನೆಯ ಒಂದು ಪಾಲು ಇಳಿಯಿತೆಂದರೆ, ಅಂದರೆ ಮೂರು ನಾಲ್ಕು ಗ್ರಾಂ ಇಳಿಯಿತೆಂದರೆ, ವಿಷಯ ಕೈಮೀರುತ್ತಿದೆ ಎಂದೇ ಅರ್ಥ. ಇಷ್ಟು ಪುಟ್ಟ ಪ್ರಾಣಿ ಒಂದೆರಡು ದಿನ ಉಪವಾಸವಿದ್ದರೆ ಸಾಕು, ಪ್ರಾಣಕ್ಕೆ ಬರುತ್ತದೆ. ಅಂಗಡಿಯವರು ನೀರಿಗೆ ಬೆರೆಸಲು ಕೊಡುವ ಬಣ್ಣದ ಪುಡಿಗಳನ್ನು ಕಾರಣ ತಿಳಿಯದೆ ಹಾಕಕೂಡದು. ನೀರಿನ ರುಚಿ ಕೆಟ್ಟು ಹಕ್ಕಿ ನೀರನ್ನೂ ಬಿಟ್ಟೀತು.

ಸೋಂಕಿಲ್ಲವೆಂದು ನೆಮ್ಮದಿಯಾದ ಮೇಲೆ ಒಂಟಿತನದ ಪ್ರಶ್ನೆ. ಇಲ್ಲಿ ಮಾಡುವುದಕ್ಕಿಂತ ಮಾಡದಿರುವುದೇ ಹೆಚ್ಚು. ಪಂಜರವನ್ನು ತೊಳೆದು ಶುದ್ಧಿ ಮಾಡಬೇಕು, ಆದರೆ ಬದಲಾಯಿಸಬಾರದು. ಅದೇ ಜಾಗ, ಅದೇ ಅಡ್ಡಕಡ್ಡಿ, ಅದೇ ಬಟ್ಟಲು. ಉಳಿದದ್ದು ಹೆಣ್ಣಾದರೆ ಗೂಡುಪೆಟ್ಟಿಗೆಯನ್ನು ಮಾತ್ರ ತೆಗೆದುಬಿಡುವುದು ಒಳ್ಳೆಯದು, ಇಲ್ಲವಾದರೆ ಗಂಡಿಲ್ಲದೆಯೂ ಮೊಟ್ಟೆಯಿಡುತ್ತ ಸೊರಗೀತು. ಗೂಡಿನಲ್ಲಿ ಮರಿಗಳಿರುವಾಗ ತಾಯಿ ಸತ್ತರೆ ಮಾತು ಬೇರೆ: ಗರಿ ಮೂಡಿದ ಮರಿಗಳನ್ನು ತಂದೆ ಹಕ್ಕಿ ಸಾಕಿಕೊಳ್ಳಬಹುದು, ಇನ್ನೂ ಬೆತ್ತಲೆಯಾದವಕ್ಕೆ ಕಾವೂ ಕೈತುತ್ತೂ ಬೇಕಾಗುವುದರಿಂದ ಆ ದಿನವೇ ತಿಳಿದವರ ಸಹಾಯ ಪಡೆಯಬೇಕು.

ಹಸಿವು ಕೆಟ್ಟ ಹಕ್ಕಿಗೆ ನವಣೆಯ ತೆನೆಯಂಥ ಆಕರ್ಷಣೆ ಮತ್ತೊಂದಿಲ್ಲ. ಬಟ್ಟಲಿನ ಕಾಳನ್ನು ಮುಟ್ಟದ್ದು ತೂಗುವ ತೆನೆಯನ್ನು ಕೆದಕುವುದು ಸಾಮಾನ್ಯ. ಒದ್ದೆಯಾದ ಕೊತ್ತಂಬರಿ ಸೊಪ್ಪು, ದಂಟಿನ ಸೊಪ್ಪು, ತುರಿದ ಗಜ್ಜರಿಯನ್ನೂ ಇಡಬಹುದು. ಮರುಕದ ಭರದಲ್ಲಿ ಚಾಕೊಲೇಟು, ಉಪ್ಪು ಹಾಕಿದ ಕುರುಕಲು ಕೊಡುವುದು ಬೇಡ; ಬೆಣ್ಣೆಹಣ್ಣಂತೂ ಈ ಹಕ್ಕಿಗಳಿಗೆ ವಿಷ. ರಾತ್ರಿ ಹತ್ತು ಹನ್ನೆರಡು ಗಂಟೆಗಳ ಕತ್ತಲೂ ನಿಶ್ಶಬ್ದವೂ ಬೇಕು. ಟೆಲಿವಿಷನ್ನಿರುವ ಹಜಾರದಲ್ಲೇ ಪಂಜರವಿಟ್ಟ ಮನೆಗಳಲ್ಲಿ ಇದೇ ಕಷ್ಟದ್ದು.

ಜೊತೆ ಸತ್ತ ಹಕ್ಕಿಗೆ ಕನ್ನಡಿ ಕಟ್ಟುವುದು ಹಳೆಯ ವಾಡಿಕೆ. ನೋಡುವವರಿಗೆ ಸಮಾಧಾನ, ಹಕ್ಕಿಯೂ ಮೊದಲು ಲವಲವಿಕೆ ತೋರಿಸುತ್ತದೆ. ಆದರೆ ಕನ್ನಡಿಯ ಹಕ್ಕಿ ಗುಟುಕು ತೆಗೆದುಕೊಳ್ಳುವುದಿಲ್ಲ, ಕೊಡುವುದೂ ಇಲ್ಲ. ದಿನವಿಡೀ ಗಾಜಿಗೆ ಗುಟುಕು ಕಕ್ಕುತ್ತ, ಊಟ ಮರೆತು, ಮನೆಯವರತ್ತ ತಿರುಗಿಯೂ ನೋಡದ ಹಕ್ಕಿಗಳು ಬಹಳ. ಸತ್ತ ಹಕ್ಕಿಯ ಕೂಗನ್ನು ಫೋನಿನಲ್ಲಿ ಹಿಡಿದಿಟ್ಟಿದ್ದವರು ಅದನ್ನು ಕೇಳಿಸಿ ಸಂತೈಸಲು ಹೊರಡುವುದುಂಟು. ಇದಕ್ಕಿಂತ ನಿಷ್ಠುರವಾದ ದಯೆ ಇನ್ನೊಂದಿರಲಾರದು; ಹಕ್ಕಿ ಉತ್ತರ ಕೊಡುತ್ತದೆ, ಹುಡುಕುತ್ತದೆ, ಮತ್ತೆ ಮೊದಲಿನ ದಿನಕ್ಕೇ ಬರುತ್ತದೆ.

ಹಾಗಾದರೆ ಬೇಕಾದುದೇನು? ಮನೆಯವರ ಹೊತ್ತು. ಜನ ಓಡಾಡುವ ಕೋಣೆಯಲ್ಲಿ, ಒಂದು ಬದಿ ಗೋಡೆಗೆ ಒತ್ತಿದಂತೆ, ಕುಳಿತವರ ಕಣ್ಣಿನ ಎತ್ತರಕ್ಕೆ ಪಂಜರವಿರಲಿ. ಅದು ಕೂಗಿದಾಗ ಯಾರಾದರೂ ಒಬ್ಬರು ಉತ್ತರ ಕೊಡಲಿ: ಒಂದು ಸಿಳ್ಳು, ಒಂದು ಮಾತು, ದಿನವೂ ಅದೇ. ಈ ಕೆಲಸಕ್ಕೆ ಮನೆಯ ಅಜ್ಜಿಗಿಂತ ತಕ್ಕವರು ಸಿಕ್ಕುವುದು ಕಷ್ಟ. ಮಧ್ಯಾಹ್ನ ಮನೆ ಬರಿದಾಗಿರುವಾಗ ಪಂಜರದ ಪಕ್ಕ ಕುಳಿತು ಅವರೆಕಾಯಿ ಸುಲಿಯುತ್ತ, ಸೊಸೆಯ ಮೇಲಿನ ದೂರನ್ನೋ ನೆನಪಿಗೆ ಬಂದ ದೇವರನಾಮವನ್ನೋ ತಗ್ಗು ಧ್ವನಿಯಲ್ಲಿ ಹೇಳಿಕೊಳ್ಳುತ್ತಿದ್ದರೆ ಸಾಕು. ಹಕ್ಕಿಗೆ ಕೇಳುವುದಕ್ಕೂ ನೋಡುವುದಕ್ಕೂ ಒಂದು ಜೀವ ಹತ್ತಿರವಿರುತ್ತದೆ. ಮುಟ್ಟಲು, ಹಿಡಿಯಲು, ಕೈಮೇಲೆ ಕೂರಿಸಲು ಅವಸರಪಡಬಾರದು. ಜೋಡಿಯಲ್ಲಿ ಬೆಳೆದ ಹಕ್ಕಿ ಮನುಷ್ಯರಿಗೆ ಅಷ್ಟಾಗಿ ಒಗ್ಗಿರುವುದಿಲ್ಲ. ಸರಿಗೆಯ ಹೊರಗೆ ಹಿಡಿದ ತೆನೆಯನ್ನು ಅದಾಗಿ ಬಂದು ಕುಕ್ಕುವುದಕ್ಕೆ ಹದಿನೈದು ದಿನ ಹಿಡಿಯಬಹುದು, ಎರಡು ತಿಂಗಳೂ ಹಿಡಿಯಬಹುದು. ಆ ದಿನ ಬಂದಾಗ ಮಕ್ಕಳಿಗೆ ಆಗುವ ಸಂತೋಷ ಅಂಗಡಿಯಿಂದ ತಂದ ಹೊಸ ಹಕ್ಕಿಯಿಂದ ಆಗುವಂಥದ್ದಲ್ಲ.

ಮರುಕದಿಂದ ಆಗುವ ಇನ್ನೊಂದು ಅನಾಹುತವನ್ನು ಇಲ್ಲೇ ಹೇಳಬೇಕು. "ಒಂಟಿಯಾಗಿ ಸೆರೆಯಲ್ಲೇಕೆ ಕೊರಗಬೇಕು? ಹಾರಿಬಿಡೋಣ, ಪುಣ್ಯವಾದರೂ ಬರಲಿ" ಎನ್ನುವ ಹಿರಿಯರುಂಟು. ತಲೆತಲಾಂತರದಿಂದ ಬಟ್ಟಲಿನ ಕಾಳು ತಿಂದ ಹಕ್ಕಿಗೆ ನಮ್ಮ ಬಯಲಿನಲ್ಲಿ ಮೇವು ಹುಡುಕಲು ಬಾರದು, ನೀರಿನ ನೆಲೆ ಗೊತ್ತಿಲ್ಲ, ಕಾಗೆ ಹದ್ದುಗಳ ಪರಿಚಯವಿಲ್ಲ. ಹಳದಿ ನೀಲಿ ಗರಿಯ ಆ ಹಕ್ಕಿ ಎದುರುಮನೆಯ ತಾರಸಿ ಮುಟ್ಟುವುದರೊಳಗೆ ಕಾಗೆಗಳು ಸುತ್ತುವರಿದಿರುತ್ತವೆ.

ಕಡೆಗೆ ಹೊಸ ಜೊತೆಯ ಮಾತು. ಮನೆಯವರಿಗೆ ಹೊತ್ತಿಲ್ಲದಿದ್ದರೆ, ಎಲ್ಲರೂ ಬೆಳಗ್ಗೆ ಬಾಗಿಲಿಗೆ ಬೀಗ ಹಾಕಿ ಸಂಜೆ ಬರುವವರಾದರೆ, ಹಕ್ಕಿಗೆ ಹಕ್ಕಿಯೇ ಜೊತೆಯಾಗಬೇಕು. ಇದರಲ್ಲಿ ಎರಡು ಮಾತಿಲ್ಲ. ಫಿಂಚ್‌ಗಳನ್ನಂತೂ ಒಂಟಿಯಾಗಿ ಇಡಲೇಬಾರದು, ಅವು ಮನುಷ್ಯರ ಸಂಗಕ್ಕೆ ಒಲಿಯುವಂಥವಲ್ಲ. ಆದರೆ ಆ ಸಂಜೆಯೇ ತಂದು ಅದೇ ಪಂಜರಕ್ಕೆ ಬಿಡುವುದೆಂದರೆ ಹಳೆಯ ರೋಗ ಹೊಸದಕ್ಕೆ, ಅಂಗಡಿಯ ರೋಗ ಹಳೆಯದಕ್ಕೆ ಹತ್ತಲು ಬಾಗಿಲು ತೆರೆದಂತೆ. ಹತ್ತಾರು ಕಡೆಯಿಂದ ಬಂದ ಹಕ್ಕಿಗಳನ್ನು ಒಂದೇ ಗೂಡಿಗೆ ತುಂಬಿದ ಅಂಗಡಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೆಯ ಹಕ್ಕಿಯ ಆರೋಗ್ಯ ನಿಶ್ಚಯವಾದ ಬಳಿಕ ಹೊಸದನ್ನು ತಂದು, ಬೇರೆ ಕೋಣೆಯಲ್ಲಿ, ಬೇರೆ ಪಂಜರದಲ್ಲಿ ಕನಿಷ್ಠ 30 ದಿನವಾದರೂ ಇಡಬೇಕು. 45 ದಿನವಾದರೆ ಮೇಲು. ದಿನವೂ ಮೊದಲು ಹಳೆಯದಕ್ಕೆ ಕಾಳುನೀರು, ಆಮೇಲೆ ಹೊಸದಕ್ಕೆ, ನಡುವೆ ಸಾಬೂನಿನಿಂದ ಕೈತೊಳೆಯುವುದು. ಗೋಡೆಯಾಚೆಯಿಂದ ಒಂದರ ಕೂಗು ಇನ್ನೊಂದಕ್ಕೆ ಕೇಳುತ್ತಿರುತ್ತದೆ. ಪರಿಚಯ ಅಲ್ಲಿಂದಲೇ ಮೊದಲಾಗುತ್ತದೆ.

ಬಳಿಕ ಎರಡೂ ಪಂಜರಗಳನ್ನು ಕೊಕ್ಕು ನಿಲುಕದಷ್ಟು ಅಂತರದಲ್ಲಿ ಒಂದೆರಡು ವಾರ ಅಕ್ಕಪಕ್ಕ ಇಡುವುದು. ಎರಡೂ ಹತ್ತಿರದ ಬದಿಗೆ ಸರಿದು ಕುಳಿತು ಒಟ್ಟಿಗೆ ಕಾಳು ತಿನ್ನತೊಡಗಿದರೆ ಶುಭಸೂಚನೆ. ಕೂಡಿಸುವಾಗ ಹೊಸದನ್ನು ಹಳೆಯದರ ಪಂಜರಕ್ಕೆ ಬಿಡದೆ ಎರಡಕ್ಕೂ ಹೊಸದಾದ ಜಾಗದಲ್ಲಿ ಕೂಡಿಸಬೇಕು, ಬಟ್ಟಲುಗಳು ಎರಡೆರಡಿರಬೇಕು, ಮನೆಯಲ್ಲಿ ಎಲ್ಲರೂ ಇರುವ ರಜಾದಿನವಾಗಿರಬೇಕು. ಜೊತೆ ಗಂಡುಹೆಣ್ಣೇ ಆಗಬೇಕೆಂಬ ನಿಯಮವಿಲ್ಲ. ವಯಸ್ಸಿಗೆ ಬಂದ ಬಡ್ಜರಿಗರಿನ ಕೊಕ್ಕಿನ ಮೇಲ್ಗಡೆ, ಮೂಗಿನ ಹೊಳ್ಳೆಗಳಿರುವ ಭಾಗ ಗಂಡಿಗೆ ಸಾಮಾನ್ಯವಾಗಿ ನೀಲಿ, ಹೆಣ್ಣಿಗೆ ಕಂದು. ಅಚ್ಚ ಹಳದಿ, ಅಚ್ಚ ಬಿಳಿ ಹಕ್ಕಿಗಳಲ್ಲಿ ಗಂಡಿಗೂ ನಸುಗೆಂಪು. ಎರಡು ಗಂಡುಗಳು ಚೆನ್ನಾಗಿ ಹೊಂದಿಕೊಳ್ಳುತ್ತವೆ. ಎರಡು ಹೆಣ್ಣುಗಳನ್ನು ಇಕ್ಕಟ್ಟಿನಲ್ಲಿ ಕೂಡಿಸಿದರೆ ರಕ್ತ ಬರುವವರೆಗೆ ಕಚ್ಚಾಡಬಹುದು. ಬಡ್ಜರಿಗರಿಗೆ ಲವ್ ಬರ್ಡನ್ನು ಜೊತೆಮಾಡುವುದಂತೂ ಸರಿಯಲ್ಲ. ಅದರ ಕೊಕ್ಕು ಇದರ ಕಾಲ್ಬೆರಳನ್ನೇ ಕತ್ತರಿಸೀತು. ಇನ್ನು ಬೀದಿಯಲ್ಲಿ ಯಾರೋ ಚೀಲದಲ್ಲಿ ಮುಚ್ಚಿ ತಂದು ಮಾರುವ ನಮ್ಮ ಕಾಡಿನ ಗಿಳಿಮರಿಯ ಕಡೆ ಕೈಚಾಚಲೇಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಲೆಕ್ಕ ಉಳಿಯುತ್ತದೆ. ಆರು ವರ್ಷದ ಹಕ್ಕಿಗೆ ಒಂದು ವರ್ಷದ ಜೊತೆಯನ್ನು ತಂದರೆ ಎರಡು ಮೂರು ವರ್ಷಗಳಲ್ಲಿ ಹಳೆಯದು ಹೋಗಿ ಹೊಸದು ಒಂಟಿಯಾಗುತ್ತದೆ. ಅದಕ್ಕೆ ಮತ್ತೊಂದು, ಆಮೇಲೆ ಇನ್ನೊಂದು. ಅಷ್ಟು ಹೊತ್ತಿಗೆ ಪಂಜರಕ್ಕಾಗಿ ಹಟಮಾಡಿದ ಮಗು ಕಾಲೇಜಿಗೆಂದು ಬೇರೆ ಊರಿಗೆ ಹೋಗಿರುತ್ತದೆ. ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಗೆ ಪಂಜರ ತೊಳೆಯುವ ಶಕ್ತಿ ಉಳಿದಿರುವುದಿಲ್ಲ. ಮನೆಯಲ್ಲಿ ಹಕ್ಕಿ ಸಾಕುವುದನ್ನು ಮುಂದುವರಿಸುವ ಮನಸ್ಸಿದೆಯೆ ಎಂಬುದನ್ನು ಎಲ್ಲರೂ ಕುಳಿತು ಮಾತನಾಡಿ ನಿಶ್ಚಯಿಸಲು ಇದೇ ಸಮಯ. ಇಲ್ಲವೆಂದಾದರೆ ಎರಡು ದಾರಿಗಳಿವೆ. ಉಳಿದ ಹಕ್ಕಿ ಇನ್ನೂ ಎಳೆಯದಾಗಿದ್ದರೆ, ದೊಡ್ಡ ಗೂಡಿನಲ್ಲಿ ಹತ್ತಾರು ಹಕ್ಕಿಗಳನ್ನು ಅಕ್ಕರೆಯಿಂದ ಸಾಕಿರುವ ಪರಿಚಿತರ ಮನೆಗೆ, ವೈದ್ಯರಿಗೆ ತೋರಿಸಿದ ಮೇಲೆ, ಒಪ್ಪಿಸಬಹುದು. ಮಗುವಿಗೆ ಇದನ್ನು ಒಪ್ಪಿಸುವುದು ಕಷ್ಟ. ಆದರೆ ಹಕ್ಕಿಗೆ ಹಿಂಡು ಸಿಕ್ಕಿತು ಎಂಬ ಮಾತನ್ನು ಮಕ್ಕಳು ದೊಡ್ಡವರು ಎಣಿಸಿದ್ದಕ್ಕಿಂತ ಬೇಗ ಅರ್ಥಮಾಡಿಕೊಳ್ಳುತ್ತಾರೆ. ಹಕ್ಕಿ ಮುದಿಯಾಗಿದ್ದರೆ ಅದನ್ನು ಎಲ್ಲಿಗೂ ಕಳುಹಿಸಬೇಕಿಲ್ಲ. ಅಡ್ಡಕಡ್ಡಿಯನ್ನು ಒಂದಿಷ್ಟು ತಗ್ಗಿಸಿ, ಬಟ್ಟಲನ್ನು ಹತ್ತಿರ ಸರಿಸಿ, ಚಳಿಗಾಲದ ರಾತ್ರಿಗಳಲ್ಲಿ ಬಟ್ಟೆಯನ್ನು ಎರಡು ಪದರ ಮಾಡಿ ಹೊದಿಸಿ, ಬೆಳಗ್ಗೆ ಅದನ್ನು ಸರಿಸುವಾಗ ಕೂಗಿಗೆ ಎಂದಿನಂತೆ ಒಂದು ಸಿಳ್ಳಿನ ಉತ್ತರ ಕೊಡುತ್ತಿದ್ದರಾಯಿತು.